ಎಮ್ಮೆ ಕಲಿತದ್ದನ್ನು ಮರೆತಿತೇ?

ಪ್ರಶ್ನೆ (ಯಾದಗಿರಿ): ಖಾಲಿ ಬಕೆಟ್ಟನ್ನು ಕೊಂಬಿನಿಂದ ಉರುಳಿಸಿದರೆ ನೀರು ಸಿಗುತ್ತದೆಂದು ನಮ್ಮ ಎಮ್ಮೆ ಬೇಸಿಗೆಯಲ್ಲಿ ಕಲಿತಿತ್ತು, ಮಳೆ ಬಿದ್ದ ಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮರೆಯಿತೇ?

ಉತ್ತರ (ಕಲಬುರಗಿ): ಮರೆತಿಲ್ಲ. ನೀರು, ಆಹಾರಗಳು ಯಾರೂ ಕಲಿಸದೆಯೇ ವರ್ತನೆಯನ್ನು ಬಲಪಡಿಸುವುದರಿಂದ ಅವುಗಳನ್ನು ಪ್ರಾಥಮಿಕ ಪುನರ್ಬಲಕಗಳೆನ್ನುತ್ತಾರೆ. ಆದರೆ ಆ ಬಲವು ದೇಹದ ಕೊರತೆಯನ್ನು ಅವಲಂಬಿಸಿದ್ದು, ಹಸಿಮೇವು ತಿಂದ ಎಮ್ಮೆಗೆ ನೀರಡಿಕೆಯೇ ಕಡಿಮೆ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಇಲಿಗಳನ್ನು ಹಸಿದಿರಿಸಿ ಪ್ರಯೋಗ ಮಾಡುತ್ತಿದ್ದುದು ಇದಕ್ಕಾಗಿಯೇ.

ಉತ್ತರ (ಬೀದರ್): ಕೊರತೆ ನೀಗುವುದೇ ಪುನರ್ಬಲನ, ಅಂದರೆ ವರ್ತನೆಯನ್ನು ಬಲಪಡಿಸುವುದು, ಎಂಬ ಮನೋವಿಜ್ಞಾನಿ ಕ್ಲಾರ್ಕ್ ಹಲ್ ಅವರ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಪೋಷಣೆಯೇ ಇಲ್ಲದ ಸ್ಯಾಕರಿನ್ನಿನ ಸಿಹಿಯೂ ಇಲಿಗಳ ಕಲಿಕೆಯನ್ನು ಬಲಪಡಿಸುತ್ತದೆಂದು ಸಂಶೋಧಕರಾದ ಶೆಫೀಲ್ಡ್ ಮತ್ತು ರಾಬಿ 1950ರಲ್ಲಿ ತೋರಿಸಿದರು.

ಪ್ರಶ್ನೆ ಕೇಳಿದವರು: ಹೊಟ್ಟೆ ತುಂಬಿದ ಮೇಲೂ ಅದು ಹಿಂಡಿಯ ಖಾಲಿ ಚೀಲವನ್ನು ನೆಕ್ಕುವುದು ಇದಕ್ಕೇ ಇರಬೇಕು.