‘ಮರುಕಳಿಸುವ ಮೂತ್ರದ ಸೋಂಕು’: ಇಲ್ಲಿ ಮರುಕಳಿಸುವುದು ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಮಂಡ್ಯ ಕಡೆಯ ಒಂದು ಹೆಂಗಸರ ಚಿಕಿತ್ಸಾಲಯಕ್ಕೆ ಎರಡು ಪುಟದ ಕರಪತ್ರ ಬರೆದುಕೊಡುವ ಕೆಲಸ ಒಪ್ಪಿಕೊಂಡಿದ್ದೇನೆ. ಉರಿಮೂತ್ರ ವಾಸಿಯಾದ ಮೇಲೂ ಪದೇ ಪದೇ ಬರುವುದೇಕೆ ಅನ್ನುವುದು ವಿಷಯ. ವೈದ್ಯೆ ಕೊಟ್ಟ ಟಿಪ್ಪಣಿಯಲ್ಲಿ ರಿಕರೆನ್ಸ್, ರಿಲ್ಯಾಪ್ಸ್, ರೀಇನ್‌ಫೆಕ್ಷನ್, ಪರ್ಸಿಸ್ಟೆನ್ಸ್ ಎಂದು ನಾಲ್ಕು ಮಾತುಗಳಿವೆ. ಕೊನೆಯದಕ್ಕೆ ‘ಬಿಡದ ಸೋಂಕು’ ಅಂದುಬಿಡಬಹುದು, ಔಷಧ ನಡೆಯುತ್ತಿರುವಾಗಲೂ ಹೋಗದೆ ಉಳಿದದ್ದು ಅದು. ಉಳಿದ ಮೂರಕ್ಕೂ ಪತ್ರಿಕೆಗಳು, ಆರೋಗ್ಯ ಅಂಕಣಗಳು, ಸರ್ಕಾರಿ ಪೋಸ್ಟರುಗಳು ಕೊಡುವುದು ಒಂದೇ ಮಾತು: ಮರುಕಳಿಸು. ನನ್ನ ತಕರಾರು ಇರುವುದು ಅಲ್ಲಿಯೇ.

ಈ ಕ್ರಿಯಾಪದವನ್ನು ನಾವು ಎರಡು ಬಗೆಯಲ್ಲಿ ಬಳಸುತ್ತೇವೆ. ‘ಬಿಟ್ಟಿದ್ದ ಜ್ವರ ಮರುಕಳಿಸಿತು’ ಅಂದಾಗ ಹೋದ ಹಾಗೆ ಕಂಡ ಅದೇ ಜ್ವರ ಮತ್ತೆ ಎದ್ದಿತು ಎಂದು ಕೇಳಿಸುತ್ತದೆ. ‘ಇಂಥ ಘಟನೆ ಮರುಕಳಿಸದಂತೆ ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಹೇಳಿದಾಗ ಯಾರಿಗೂ ಹಾಗೆ ಕೇಳಿಸುವುದಿಲ್ಲ. ಅಲ್ಲಿ ಮುಂದೆ ಬರಬಹುದಾದದ್ದು ಬೇರೆ ಘಟನೆ, ಬೇರೆ ಜನ, ಜಾತಿ ಮಾತ್ರ ಅದೇ. ಪತ್ರಿಕೆ ಓದುವಾಗ ಇದರಿಂದ ತೊಂದರೆಯೇನಿಲ್ಲ. ಚಿಕಿತ್ಸೆಯಲ್ಲಿ ಮಾತ್ರ ಈ ಎರಡರ ನಡುವಿನ ಗೆರೆಯೇ ಮುಂದಿನ ದಾರಿಯನ್ನು ಗೊತ್ತುಮಾಡುತ್ತದೆ.

ವೈದ್ಯರ ಲೆಕ್ಕ ಹೀಗಿದೆ. 6 ತಿಂಗಳಲ್ಲಿ 2 ಸಲ ಅಥವಾ 12 ತಿಂಗಳಲ್ಲಿ 3 ಸಲ ಬಂದರೆ ಅದು ರಿಕರೆಂಟ್. ಇದು ಹೊರಗಿನ ಎಣಿಕೆ ಅಷ್ಟೆ, ಕಾರಣದ ಮಾತೇ ಇದರಲ್ಲಿಲ್ಲ. ಔಷಧ ಮುಗಿದು 2 ವಾರದೊಳಗೆ ಅದೇ ಬ್ಯಾಕ್ಟೀರಿಯಾದ ಅದೇ ತಳಿ ಮತ್ತೆ ಸಿಕ್ಕರೆ ರಿಲ್ಯಾಪ್ಸ್. ಅದಾದ ಮೇಲೆ ಬಂದರೆ, ಅಥವಾ ಬೇರೆ ತಳಿ ಸಿಕ್ಕರೆ, ರೀಇನ್‌ಫೆಕ್ಷನ್. ರಿಲ್ಯಾಪ್ಸ್ ಅಂದೊಡನೆ ವೈದ್ಯರು ಒಳಗೆಲ್ಲೋ ಅಡಗುತಾಣ ಇದೆಯೇ ಎಂದು ಹುಡುಕತೊಡಗುತ್ತಾರೆ: ಮೂತ್ರಪಿಂಡದಲ್ಲಿ ಕಲ್ಲು, ಪೂರ್ತಿ ಖಾಲಿಯಾಗದ ಮೂತ್ರಕೋಶ, ಗಂಡಸರಾದರೆ ಪ್ರಾಸ್ಟೇಟ್, ಹಾಸಿಗೆ ಹಿಡಿದವರಾದರೆ ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯಲು ಹಾಕಿದ ಕೊಳವೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಮೂತ್ರವನ್ನು ಕ್ಷಾರವಾಗಿಸಿ ತಾನೇ ಕಲ್ಲು ಕಟ್ಟಿಸುತ್ತದೆ, ಆಮೇಲೆ ಆ ಕಲ್ಲಿನೊಳಗೇ ಬದುಕುತ್ತದೆ. ಕಲ್ಲು ತೆಗೆಯದೆ ಮಾತ್ರೆ ಎಷ್ಟು ನುಂಗಿದರೂ ಅದು ಮತ್ತೆ ಬರುತ್ತದೆ. ರೀಇನ್‌ಫೆಕ್ಷನ್ ಆದರೆ ಹುಡುಕಾಟ ಹೊರಗಡೆ: ಹೊಸದಾಗಿ ಹೇಗೆ ಹತ್ತಿ ಬಂತು, ತಡೆಯುವುದು ಹೇಗೆ. ಹೆಂಗಸರಲ್ಲಿ ಪದೇ ಪದೇ ಬರುವ ಉರಿಮೂತ್ರದಲ್ಲಿ ಹೆಚ್ಚಿನ ಪಾಲು ಈ ಎರಡನೆಯ ಬಗೆಯದು.

ಮಂಗಳೂರು ಕಡೆಯವರಿಗೆ ಈ ತೊಡಕು ಮಲೇರಿಯಾದಿಂದಲೇ ಗೊತ್ತಿರಬೇಕು. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಮಲಗಿದ್ದು ಏಳುವುದು ಬೇರೆ, ಹೊಸ ಸೊಳ್ಳೆ ಕಚ್ಚಿ ಬರುವುದು ಬೇರೆ. ಪ್ರೈಮಾಕ್ವಿನ್ ಮಾತ್ರೆ 14 ದಿನ ಕೊಡುವುದು ಮೊದಲನೆಯದಕ್ಕಾಗಿ. ಅಲ್ಲಿನ ಆರೋಗ್ಯ ಕಾರ್ಯಕರ್ತೆಯರು ಮನೆಮನೆಯಲ್ಲಿ ಇದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಅನ್ನುವುದು ನನಗೆ ಬೇಕು. ಬಲ್ಲವರು ಬರೆಯಿರಿ.

ಮೂತ್ರಕೋಶದ ಒಳಗೂ ಇಂಥ ಮಲಗುವ ಆಟ ಇದೆ ಎಂದು ಗೊತ್ತಾದ ಮೇಲೆ ಗೆರೆ ಇನ್ನಷ್ಟು ಮಸುಕಾಗಿದೆ. ಉರಿಮೂತ್ರ ತರುವುದು ಹೆಚ್ಚಾಗಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದರ ಮೈಮೇಲೆ ಸಣ್ಣ ಎಳೆಗಳಿರುತ್ತವೆ, ಎಳೆಯ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನು. ಮೂತ್ರಕೋಶದ ಒಳಗೋಡೆಯ ಮೇಲ್ಪದರದ ಜೀವಕೋಶಗಳ ಮೇಲೆ ಮ್ಯಾನೋಸ್ ಎಂಬ ಸಕ್ಕರೆ ಇರುತ್ತದೆ. ಆ ಪ್ರೋಟೀನು ಈ ಸಕ್ಕರೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮೂತ್ರ ಹರಿದರೂ ಬಿಡುವುದಿಲ್ಲ. ಆಮೇಲೆ ಆ ಜೀವಕೋಶವೇ ಬ್ಯಾಕ್ಟೀರಿಯಾವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಹೊಕ್ಕದ್ದು ಕೆಲವೇ ಗಂಟೆಗಳಲ್ಲಿ ಗುಂಪುಗುಂಪಾಗಿ ಬೆಳೆದು ಜೀವಕೋಶವನ್ನು ಉಬ್ಬಿಸುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2003ರಲ್ಲಿ ಇಲಿಗಳ ಮೂತ್ರಕೋಶದಲ್ಲಿ ಇದನ್ನು ತೋರಿಸಿದರು. 2007ರಲ್ಲಿ ಉರಿಮೂತ್ರವಿದ್ದ ಹೆಂಗಸರ ಮೂತ್ರದಲ್ಲಿ ಕಳಚಿಬಿದ್ದ ಜೀವಕೋಶಗಳ ಒಳಗೂ ಇಂಥ ಗುಂಪುಗಳು ಕಂಡವು. ದೇಹ ಸುಮ್ಮನಿರದೆ ಸೋಂಕಿದ ಪದರವನ್ನೇ ಕಳಚಿ ಮೂತ್ರದೊಡನೆ ಹೊರಹಾಕುತ್ತದೆ. ಆದರೆ ಮೇಲ್ಪದರ ಕಳಚಿದಾಗ ಕೆಳಪದರ ಬಯಲಾಗುತ್ತದೆ, ಕೆಲವು ಬ್ಯಾಕ್ಟೀರಿಯಾ ಅಲ್ಲಿಗೆ ಇಳಿದು ಬೆಳೆಯದೆ, ಸಾಯದೆ ಉಳಿಯುತ್ತವೆ. ಆಗ ಮೂತ್ರದ ಕಲ್ಚರ್, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ಏನೂ ಬೆಳೆಯುವುದಿಲ್ಲ. ಬೆಳೆಯದೆ ಮಲಗಿರುವುದರ ಮೇಲೆ ಆಂಟಿಬಯಾಟಿಕ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಈ ಮಲಗುವ ಭಾಗ ಇಲಿಗಳಲ್ಲಿ ಚೆನ್ನಾಗಿ ಕಂಡಿರುವಷ್ಟು ಮನುಷ್ಯರಲ್ಲಿ ಕಂಡಿಲ್ಲ, ಹಾಗಾಗಿ ಕರಪತ್ರದಲ್ಲಿ ‘ಹೀಗೂ ಇರಬಹುದು’ ಅಂತಲೇ ಬರೆಯುತ್ತಿದ್ದೇನೆ.

ಇನ್ನೂ ಒಂದು ಗಂಟು ಇದೆ. ಅದೇ ತಳಿ ಮತ್ತೆ ಸಿಕ್ಕಿತು ಅಂದಮಾತ್ರಕ್ಕೆ ಅದು ಮೂತ್ರಕೋಶದಲ್ಲೇ ಅಡಗಿತ್ತು ಎನ್ನುವ ಹಾಗಿಲ್ಲ. ಇ. ಕೋಲಿಯ ಮೂಲಮನೆ ನಮ್ಮದೇ ದೊಡ್ಡ ಕರುಳು. ಮೂತ್ರಕೋಶದಲ್ಲಿ ಪೂರ್ತಿ ಸತ್ತರೂ ಕರುಳಿನಲ್ಲಿ ಅದೇ ತಳಿ ತಿಂಗಳುಗಟ್ಟಲೆ ಉಳಿದಿದ್ದು ಅಲ್ಲಿಂದಲೇ ಇನ್ನೊಮ್ಮೆ ಬರಬಹುದು. ಬ್ಯಾಕ್ಟೀರಿಯಾ ಹಳೆಯದು, ದಾಳಿ ಹೊಸದು. ಇದನ್ನು ಮರುಕಳಿಸಿತು ಅನ್ನೋಣವೇ, ಮತ್ತೆ ಬಂತು ಅನ್ನೋಣವೇ?

ನನ್ನ ಮುಂದಿರುವ ಆಯ್ಕೆಗಳನ್ನು ಹೇಳುತ್ತೇನೆ. ರಿಕರೆನ್ಸ್‌ಗೆ ‘ಪದೇ ಪದೇ ಬರುವುದು’, ರಿಲ್ಯಾಪ್ಸ್‌ಗೆ ‘ಮರುಕಳಿಕೆ’, ರೀಇನ್‌ಫೆಕ್ಷನ್‌ಗೆ ‘ಮರುಸೋಂಕು’. ಮೊದಲನೆಯದರ ಬಗ್ಗೆ ನನಗೆ ಅನುಮಾನವಿಲ್ಲ, ‘ಪುನರಾವರ್ತಿತ’ಕ್ಕಿಂತ ಸಾವಿರ ಪಾಲು ಮೇಲು. ಮರುಸೋಂಕು ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ ಓಡಾಡಿದ ಮಾತು, ಓದುಗರಿಗೆ ಹೊಸತಲ್ಲ. ತೊಡಕು ಮರುಕಳಿಕೆಯದು. ಜ್ವರದ ಅರ್ಥದಲ್ಲಿ ಅದು ಸರಿಯಾಗಿ ಕೂರುತ್ತದೆ, ಆದರೆ ಸಚಿವರ ಹೇಳಿಕೆಗಳು ಅದನ್ನು ಸವೆಸಿಬಿಟ್ಟಿವೆ. ಅದರ ಬದಲಿಗೆ ಚಿಕಿತ್ಸಾಲಯದ ಆಯಾ ಒಬ್ಬರು ನನ್ನ ವಿವರಣೆ ಕೇಳಿ ಥಟ್ಟನೆ ಕೊಟ್ಟ ಮಾತು ಇದು: ‘ಓ, ಇದು ಕೂಳೆ ಅನ್ನಿ.’ ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿದ ಬುಡ ಮತ್ತೆ ಚಿಗುರಿ ಬರುವ ಬೆಳೆ ಕೂಳೆ, ಹೊಸ ಬಿತ್ತನೆ ಹಾಕಿದ್ದು ಬೇರೆ. ಮಂಡ್ಯದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೈದ್ಯೆ ನಕ್ಕು, ‘ಚೆನ್ನಾಗಿದೆ, ಆದರೆ ರಾಯಚೂರಿನವರು ಓದಿದರೆ?’ ಅಂದರು. ಅಲ್ಲೂ ಜೋಳದ ಕೂಳೆ ಗೊತ್ತಲ್ಲ ಎಂದು ನನ್ನ ವಾದ. ಅಲ್ಲಿ ಅದು ಬರೀ ಮೋಟು ಎಂಬ ಅರ್ಥ ಕೊಡುತ್ತದೆಯೋ, ಚಿಗುರಿದ ಬೆಳೆ ಎಂಬ ಅರ್ಥವೂ ಇದೆಯೋ, ಆ ಕಡೆಯವರು ತಿಳಿಸಬೇಕು.

ಎರಡನೆಯ ಪ್ರಶ್ನೆ ‘ಸೋಂಕು’ ಎಂಬ ಮಾತಿನದೇ. ಸೋಂಕು ಅಂದರೆ ತಾಗು, ಮುಟ್ಟು. ಗಾಳಿ ಸೋಂಕು ಅನ್ನುವಾಗಲೂ ಹೊರಗಿನದು ಯಾವುದೋ ತಾಗಿತು ಎಂಬುದೇ ಅರ್ಥ. ಆದ್ದರಿಂದ ‘ಮೂತ್ರದ ಸೋಂಕು’ ಅಂದೊಡನೆ ಕೇಳುವ ಮೊದಲ ಪ್ರಶ್ನೆ ‘ಯಾರಿಂದ ಬಂತು?’ ಚಿಕಿತ್ಸಾಲಯದಲ್ಲಿ ಒಬ್ಬ ಅತ್ತೆ ಸೊಸೆಯ ಎದುರಿಗೇ ಕೇಳಿದ್ದು: ‘ಡಾಕ್ಟ್ರಮ್ಮ, ಇವಳು ಆಫೀಸಲ್ಲಿ ಕಂಡಕಂಡ ಕಕ್ಕಸಿಗೆ ಹೋಗ್ತಾಳೆ, ಅದಕ್ಕೇ ತಾನೆ?’ ಗಂಡನ ಮೇಲೆ ಅನುಮಾನ ಪಡುವವರೂ ಉಂಟು. ಉತ್ತರ ಲ್ಯಾಬ್ ರಿಪೋರ್ಟಿನಲ್ಲೇ ಅಚ್ಚಾಗಿರುತ್ತದೆ: ಇ. ಕೋಲಿ. ಕೋಲಿ ಅಂದರೆ ದೊಡ್ಡ ಕರುಳಿನದು ಎಂದೇ ಅರ್ಥ. 1885ರಲ್ಲಿ ಥಿಯೋಡರ್ ಎಶೆರಿಕ್ ಎಂಬ ಮಕ್ಕಳ ವೈದ್ಯ ಹಸುಗೂಸುಗಳ ಮಲದಲ್ಲಿ ಕಂಡು ಬಣ್ಣಿಸಿದ ಜೀವಿ ಅದು. ಆ ಹೆಣ್ಣುಮಗಳದೇ ಕರುಳಿನಿಂದ ಗುದದ್ವಾರಕ್ಕೆ, ಅಲ್ಲಿಂದ ಮೂತ್ರದ್ವಾರಕ್ಕೆ, ಅಲ್ಲಿಂದ ಮೇಲಕ್ಕೆ ಏರಿದ್ದು. ಲೈಂಗಿಕ ಸಂಪರ್ಕ ಈ ಏರಿಕೆಗೆ ನೆರವಾಗುತ್ತದೆ ನಿಜ, ಆದರೆ ಅದರಿಂದ ಇದು ಗಂಡನಿಂದ ಅಂಟಿದ ರೋಗವಾಗುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ತಗ್ಗಿ, ಯೋನಿಯಲ್ಲಿ ಹುಳಿ ಉಳಿಸುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ, ಆ ಜಾಗಕ್ಕೆ ಇ. ಕೋಲಿ ಬಂದು ಕೂರುವುದರಿಂದಲೂ ಪದೇ ಪದೇ ಆಗುತ್ತದೆ. ಅರುವತ್ತು ದಾಟಿದ ಒಬ್ಬಂಟಿ ಹೆಂಗಸಿಗೆ ‘ಸೋಂಕು’ ಅಂದರೆ ಅವರು ಯಾರನ್ನು ನೆನೆಯಬೇಕು?

ಆದರೂ ಸೋಂಕನ್ನು ಬಿಡುವ ಧೈರ್ಯ ನನಗಿಲ್ಲ, ಬೇರೆ ಮಾತಿಲ್ಲ. ಬದಲಿಗೆ ಅದರ ಗಡಿಯನ್ನಾದರೂ ಬಿಗಿ ಮಾಡಬೇಕು. ತೊಂದರೆಯೇ ಇಲ್ಲದೆ ಕಲ್ಚರಿನಲ್ಲಿ ಮಾತ್ರ ಬ್ಯಾಕ್ಟೀರಿಯಾ ಸಿಗುವುದು ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬಹಳ ಸಾಮಾನ್ಯ. ಬಸುರಿಯರಿಗೆ ಮತ್ತು ಮೂತ್ರಮಾರ್ಗದ ಕೆಲವು ಶಸ್ತ್ರಚಿಕಿತ್ಸೆಗೆ ಮುಂಚೆ ಬಿಟ್ಟರೆ ಅದಕ್ಕೆ ಔಷಧ ಬೇಡ ಎನ್ನುವುದು ವೈದ್ಯಶಾಸ್ತ್ರದ ನಿಲುವು. ನಾವು ಅದನ್ನೂ ಸೋಂಕು ಅಂದುಬಿಟ್ಟರೆ ಮಕ್ಕಳು ‘ಅಮ್ಮನಿಗೆ ಸೋಂಕಿದೆ, ಮಾತ್ರೆ ಬರೆದುಕೊಡಿ’ ಎಂದು ಪಟ್ಟು ಹಿಡಿಯುತ್ತಾರೆ, ಮಾತ್ರೆ ತಿಂದು ತಿಂದು ಔಷಧಕ್ಕೆ ಬಗ್ಗದ ತಳಿಗಳು ಉಳಿಯುತ್ತವೆ. ಇದಕ್ಕೆ ‘ಬ್ಯಾಕ್ಟೀರಿಯಾ ಬೀಡುಬಿಟ್ಟಿದೆ, ಸೋಂಕಿಲ್ಲ’ ಎಂದು ಬರೆದಿದ್ದೇನೆ. ಬೀಡು ಇಲ್ಲಿ ಒಪ್ಪುತ್ತದೆಯೇ?

ಮೂರನೆಯದು ಮೂತ್ರನಾಳ. ಶಾಲೆಯ ಚಿತ್ರದಲ್ಲಿ ಮೂತ್ರನಾಳ ಅಂದರೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಎರಡು ಕೊಳವೆ. ಪತ್ರಿಕೆಯ ‘ಮೂತ್ರನಾಳದ ಸೋಂಕು’ ಇಡೀ ವ್ಯವಸ್ಥೆಯದು. ‘ಹೆಂಗಸರ ಮೂತ್ರನಾಳ ಚಿಕ್ಕದು, ಅದಕ್ಕೇ ಸೋಂಕು ಹೆಚ್ಚು’ ಎಂಬ ವಾಕ್ಯದಲ್ಲಿ ಅದು ಮೂತ್ರಕೋಶದಿಂದ ಹೊರಕ್ಕೆ ಬರುವ ಕೊಳವೆ, ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಒಂದೇ ಹೆಸರಿಗೆ ಮೂರು ಅಂಗ! ನಾನು ಇಡೀ ವ್ಯವಸ್ಥೆಗೆ ಮೂತ್ರಮಾರ್ಗ, ಹೊರಕೊಳವೆಗೆ ‘ಮೂತ್ರ ಹೊರಬರುವ ನಾಳ’ ಎಂದು ಬಿಡಿಸಿ ಬರೆದು ಮುಂದೆ ಹೋಗಿದ್ದೇನೆ.

ನಾಲ್ಕನೆಯದು ರೆಸಿಸ್ಟನ್ಸ್, ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿರುವುದು. ‘ರೋಗನಿರೋಧಕ ಶಕ್ತಿ’ ನಮಗೆ ಒಳ್ಳೆಯದು, ‘ಔಷಧ ನಿರೋಧಕ ಶಕ್ತಿ’ ಬ್ಯಾಕ್ಟೀರಿಯಾಕ್ಕೆ ಒಳ್ಳೆಯದು. ರಿಪೋರ್ಟಿನಲ್ಲಿ ಸಿಪ್ರೋಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಎದುರು ‘ಆರ್’, ಅಂದರೆ ರೆಸಿಸ್ಟೆಂಟ್ ಎಂದಿದ್ದರೆ ‘ನನ್ನ ಮೈಗೆ ಈ ಮಾತ್ರೆ ಹಿಡಿಸಲ್ಲ’ ಎಂದು ತಿಳಿಯುವವರೇ ಹೆಚ್ಚು. ‘ಎಸ್’, ಅಂದರೆ ಸೆನ್ಸಿಟಿವ್ ಎಂದಿದ್ದರೆ ಅಲರ್ಜಿ ಎಂದುಕೊಂಡು ಆ ಮಾತ್ರೆಯನ್ನೇ ಬೇಡ ಅನ್ನುವವರೂ ಇದ್ದಾರೆ, ಇದು ತಮಾಷೆಯ ಮಾತಲ್ಲ. ನಿರೋಧ್ ಎಂಬ ಸರ್ಕಾರಿ ಕಾಂಡೋಮಿನ ನೆನಪಿರುವ ಹಳೆಯ ತಲೆಮಾರಿನವರಿಗೆ ‘ನಿರೋಧ’ ಇನ್ನೊಂದು ದಾರಿ ಹಿಡಿಯುತ್ತದೆ. ಹಾಗಾಗಿ ‘ಈ ಮಾತ್ರೆಗೆ ಬಗ್ಗುವ ಬ್ಯಾಕ್ಟೀರಿಯಾ’, ‘ಬಗ್ಗದ ಬ್ಯಾಕ್ಟೀರಿಯಾ’ ಎಂದು ಬರೆದಿದ್ದೇನೆ, ಕರ್ತೃ ಬ್ಯಾಕ್ಟೀರಿಯಾವೇ ಎಂದು ತಿಳಿಯಲಿ. ‘ಮಣಿಯುವ’ ಇನ್ನೂ ಚೆನ್ನವೇ?

ಕೊನೆಗೆ ‘ಹೀಟು’. ‘ಉಷ್ಣ ಆಗಿದೆ’ ಎಂದು ಬರುವವರಿಗೆ ‘ಉಷ್ಣ ಅಂತ ಏನೂ ಇಲ್ಲ’ ಎಂದು ಬರೆಯಲು ಟಿಪ್ಪಣಿ ಹೇಳುತ್ತದೆ. ನನಗೆ ಒಪ್ಪಿಗೆಯಿಲ್ಲ. ಉಷ್ಣ ಅಂದವರು ಮನೆಗೆ ಹೋಗಿ ಮಾಡುವುದು ಬಾರ್ಲಿ ನೀರು, ನೀರುಮಜ್ಜಿಗೆ, ಎಳನೀರು ಕುಡಿಯುವುದು, ಅದರಲ್ಲಿ ಕೆಡುಕೇನು? ಬಲ್ಗೇರಿಯಾದಲ್ಲಿ ಪದೇ ಪದೇ ಉರಿಮೂತ್ರ ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ 1.5 ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ ಬಂತು. ಹಾಗಾಗಿ ಆ ಮಾತನ್ನು ಅಲ್ಲಗಳೆಯದೆ, ‘ಉಷ್ಣ ಎಂದು ನೀರು ಹೆಚ್ಚಿಗೆ ಕುಡಿಯುವುದು ಸರಿಯೇ, ಆದರೆ ಚಳಿಜ್ವರ, ಸೊಂಟದ ಪಕ್ಕೆ ನೋವು, ವಾಂತಿ ಇದ್ದರೆ ಮಜ್ಜಿಗೆ ಕುಡಿದು ಕಾಯಬೇಡಿ, ಅದೇ ದಿನ ಬನ್ನಿ’ ಎಂದು ಹಾಕಿದ್ದೇನೆ. ಹೃದಯದ, ಮೂತ್ರಪಿಂಡದ ತೊಂದರೆಯಿಂದ ನೀರು ಮಿತಿ ಮಾಡಿರುವವರಿಗೆ ಬೇರೆ ಒಂದು ಸಾಲು ಇದೆ.

ಕರಡು ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಕೂಳೆ, ಬೀಡು, ಬಗ್ಗದ ಈ ಮೂರರ ಬಗ್ಗೆ ಅಷ್ಟರೊಳಗೆ ಬರೆದರೆ ಉಪಕಾರ. ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಉರಿಮೂತ್ರಕ್ಕೆ ಮನೆಮಾತಿನಲ್ಲಿ ಏನನ್ನುತ್ತಾರೆ ಎಂಬುದನ್ನೂ ಸಂಕೋಚಪಡದೆ ತಿಳಿಸಿ. ಬಳಗದ ಹೆಂಗಸರು ನನಗೆ ನೇರವಾಗಿ ಬರೆದರೂ ಸರಿ.