ತೀರ್ಥಹಳ್ಳಿ ಹತ್ರ ಬೆಳಗ್ಗೆ ಓಡೋಕೆ ದಾರಿ ಹೇಳಿ, ಹೊಳೆ ಬದಿ ಇಲ್ಲಾ ಕಾಡ್ ದಾರಿ

ಕುಕ್ಕರಹಳ್ಳಿ_ಸುತ್ತು:
ಎಲ್ರಿಗೂ ನಮಸ್ಕಾರ. ಟ್ರಾನ್ಸ್‌ಫರ್ ಆಗಿ ತೀರ್ಥಹಳ್ಳಿಗೆ ಬಂದು ಮೂರು ವಾರ ಆಯ್ತು. ಮೈಸೂರಲ್ಲಿದ್ದಾಗ ದಿನಾ ಕುಕ್ಕರಹಳ್ಳಿ ಕೆರೆ ಸುತ್ತ ಓಡ್ತಿದ್ದೆ, ಭಾನುವಾರ ಚಾಮುಂಡಿ ಬೆಟ್ಟ. ಇಲ್ಲಿ ಬಂದ್ಮೇಲೆ ಶಿವಮೊಗ್ಗ ರಸ್ತೆ ಬದೀಲಿ ಎರಡು ದಿನ ಓಡಿ ನೋಡ್ದೆ, ಹಿಂದಿಂದ ಬರೋ ಬಸ್ಸಿನ ಸ್ಪೀಡಿಗೆ ಜೀವ ಬಾಯಿಗೆ ಬಂತು. ಸುತ್ತ ಎಲ್ ನೋಡಿದ್ರೂ ಹಸಿರು, ರೂಮಿಂದ ಐದು ನಿಮಿಷ ನಡೆದ್ರೆ ತುಂಗೆ, ಆದ್ರೆ ಒಳಗೆ ಹೋಗೋ ದಾರಿ ಯಾವ್ದು ಅಂತಾನೇ ಗೊತ್ತಾಗ್ತಿಲ್ಲ. ಮ್ಯಾಪಲ್ಲಿ ರಸ್ತೆ ಅಂತ ತೋರ್ಸಿದ್ದನ್ನ ನಂಬಿ ಓಡಿದ್ರೆ ಅದು ಯಾರ್ದೋ ಅಂಗಳದಲ್ಲಿ ಮುಗೀತು, ಅಲ್ಲಿ ಅಡಿಕೆ ಹರವಿದ್ರು, ಒಬ್ರು ಅಜ್ಜಿ ಜಗಲಿ ಮೇಲಿಂದ "ಯಾರ ಮನೆಗೆ ಬಂದದ್ದು?" ಅಂದ್ರು, ಏನ್ ಹೇಳ್ಬೇಕೋ ತೋಚದೆ ನೀರು ಕೇಳಿ ಕುಡಿದು ವಾಪಸ್ ಬಂದೆ 😅

ವಾರದ ದಿನ 6-8 ಕಿ.ಮೀ. ಸಾಕು, ಭಾನುವಾರ 15ರ ಹತ್ರ ಇದ್ರೆ ಚೆನ್ನಾಗಿರುತ್ತೆ. ಟಾರ್ ಆದ್ರೂ ಸರಿ, ಮಣ್ಣು ದಾರಿ ಆದ್ರೆ ಇನ್ನೂ ಖುಷಿ. ನಾಯಿ ಅಂದ್ರೆ ಸ್ವಲ್ಪ ಭಯ ಅನ್ನೋದನ್ನೂ ಹೇಳ್ಬಿಡ್ತೀನಿ.

ಜಿಟಿಜಿಟಿ_ಮಳೆ:
ಮಾರಾಯ್ರೆ, ಮೊದ್ಲು ಆ ಶಿವಮೊಗ್ಗ ರಸ್ತೆ ಬಿಡಿ. ಬಸ್ಸಿನ ಕಾಟ ಒಂದ್ಕಡೆ, ಹುಮ್ಮಸ್ಸಲ್ಲಿ ಒಂದಿನ ಕಾರಲ್ಲಿ ಹೋಗಿ ಮಂಡಗದ್ದೆ ಆಚೆ ಓಡೋಣ ಅಂತೀರಿ ಆಮೇಲೆ. ಆ ಕಡೆ ಶೆಟ್ಟಿಹಳ್ಳಿ ಅಭಯಾರಣ್ಯ. ಸಕ್ರೆಬೈಲಿನ ಕ್ಯಾಂಪಿನ ಆನೆ ಬೇರೆ, ಬೆಳಗಿನ ಜಾವ ರಸ್ತೆ ದಾಟೋ ಆನೆ ಬೇರೆ, ಅದಕ್ಕೆ ಮಾವುತ ಇರಲ್ಲ.

ದಿನದ ಓಟಕ್ಕೆ ನಾನು ಮಾಡೋದು ಹೇಳ್ತೀನಿ. ರಾಮೇಶ್ವರ ದೇವಸ್ಥಾನದ ಹತ್ರ ಶುರು, ಹಳೇ ಕಮಾನು ಸೇತುವೆ ಮೇಲೆ ಕುರುವಳ್ಳಿಗೆ ದಾಟೋದು, ಆಮೇಲೆ ಹೈವೇ ಬಿಟ್ಟು ಊರೊಳಗೆ ಹೋಗೋ ಸಣ್ಣ ಟಾರ್ ರಸ್ತೆ ಹಿಡಿಯೋದು. ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಗದ್ದೆ ಬಯಲು, ಅದರಾಚೆ ತೋಟ, ಎಲ್ಲಾದ್ರೂ ಒಂದು ಹಳ್ಳ. ನಾಲ್ಕು ಕಿ.ಮೀ. ಹೋಗಿ ಅದೇ ದಾರೀಲಿ ತಿರುಗಿ ಬಂದ್ರೆ ನಿಮ್ಮ ಲೆಕ್ಕ ಆಯ್ತು. ಸೇತುವೆ ಮೇಲೆ ಒಂದು ನಿಮಿಷ ನಿಲ್ಲಿ, ಈಗ ನೀರು ಇಳಿದು ಬಂಡೆ ಎಲ್ಲಾ ಎದ್ದಿರುತ್ತೆ, ನಡುವೆ ರಾಮಮಂಟಪ, ನೀರಿನ ಮೇಲೆ ಮಂಜು ಬೆಳಗ್ಗೆ ಬಚ್ಚಲ ಹಂಡೆ ಹಬೆ ತರ ಏಳ್ತಿರುತ್ತೆ. ಜೋರು ಮಳೆಗಾಲದಲ್ಲಿ ಆ ಮಂಟಪ ಮುಳುಗುತ್ತೆ. ಮುಳುಗ್ತು ಅಂತ ಸುದ್ದಿ ಬಂದ ದಿನದಿಂದ ನಾನು ಹೊಳೆ ಬದಿ ಹೋಗೋದೇ ಇಲ್ಲ. ಇನ್ನೊಂದು, ಎಳ್ಳಮಾವಾಸ್ಯೆ ಜಾತ್ರೆ ದಿನಗಳಲ್ಲಿ ಆ ಕಡೆ ಓಟ ಮರ್ತುಬಿಡಿ, ನಡೆಯೋಕೇ ಜಾಗ ಇರಲ್ಲ.

ಭಾನುವಾರಕ್ಕೆ ಚಿಬ್ಬಲಗುಡ್ಡೆ. ಪೇಟೆಯಿಂದ ಹತ್ತು ಕಿ.ಮೀ. ಆಸುಪಾಸು, ತುಂಗೆ ದಡದಲ್ಲೇ ಗಣಪತಿ ದೇವಸ್ಥಾನ. ಅಲ್ಲಿ ಮೀನು ಹಿಡಿಯೋ ಹಾಗಿಲ್ಲ, ಹಾಗಾಗಿ ತೋಳುದ್ದದ ಮೀನು ಮೆಟ್ಟಿಲ ಹತ್ರಾನೇ ಬರ್ತವೆ, ಮಂಡಕ್ಕಿ ಹಾಕಿದ್ರೆ ಬಾಯಿ ತೆರ್ಕೊಂಡು ಒಂದರ ಮೇಲೊಂದು ಬೀಳ್ತವೆ. ಹೋಗೋವಾಗ ಓಡಿ, ಬರೋವಾಗ ಯಾರಾದ್ರೂ ಬೈಕಲ್ಲಿ ಬಂದು ಕರ್ಕೊಂಡ್ ಬರ್ಲಿ. ಬೆವ್ತಿದ್ದೀನಿ ಅಂತ ನೀರಿಗೆ ಮಾತ್ರ ಇಳೀಬೇಡಿ, ತುಂಗೆ ಆಳ ಮೇಲಿಂದ ಗೊತ್ತಾಗಲ್ಲ.

ಕೊಪ್ಪ ರಸ್ತೇಲಿ ಕುಪ್ಪಳಿನೂ ಇದೆ. ಗಾಡಿ ಕವಿಮನೆ ಹತ್ರ ಬಿಟ್ಟು ಕವಿಶೈಲಕ್ಕೆ ಏರೋದು, ದೂರ ಏನೂ ಇಲ್ಲ ಆದ್ರೆ ಏರು ಇದೆ, ಎರಡು ಮೂರು ಸಲ ಹತ್ತಿ ಇಳಿದ್ರೆ ತೊಡೆ ಮಾತಾಡ್ತವೆ. ಮೇಲೆ ಹೋದ್ಮೇಲೆ ಓಟ ನಿಲ್ಸಿ, ಅಲ್ಲಿ ಕುವೆಂಪು ಸಮಾಧಿ ಇದೆ. ಬಂಡೆ ಮೇಲೆ ಕೂತು ಕಾಡು ನೋಡ್ಕೊಂಡು ಇಳೀರಿ.

ಘಾಟ್_ಗೂಳಿ:
ಇದೆಲ್ಲಾ ಪಾರ್ಕ್ ವಾಕಿಂಗ್ ಆಯ್ತು. ನಿಜವಾದ ಟ್ರೇಲ್ ಬೇಕಂದ್ರೆ ಆಗುಂಬೆ ಕಾಡೊಳಗೆ ನುಗ್ಗಿ ಬ್ರೋ. ಯಾರೂ ಕೇಳಲ್ಲ.

ಜಿಟಿಜಿಟಿ_ಮಳೆ:
ಕೇಳ್ತಾರೆ ಬ್ರೋ. ಘಾಟಿ ಕಡೆ ಸೋಮೇಶ್ವರ ಅಭಯಾರಣ್ಯ, ಪರ್ಮಿಷನ್ ಇಲ್ದೆ ಒಳಗೆ ಹೋದ್ರೆ ಕೇಸ್ ಆಗುತ್ತೆ. ಅದೂ ಅಲ್ದೆ ಆ ಕಾಡಲ್ಲಿ ಕಾಳಿಂಗ ಇರೋದು ಊರಿಗೆಲ್ಲಾ ಗೊತ್ತು, ಹೊಸಬ್ರಿಗೆ ಅಂಥ ಸಲಹೆ ಕೊಡ್ಬೇಡಿ.

ತುಂಗಾತೀರದವ್ಳು:
ಆಸ್ಪತ್ರೇಲಿ ಕೆಲಸ ಮಾಡೋಳು ನಾನು, ಓಟಗೀಟ ಗೊತ್ತಿಲ್ಲ, ಆದ್ರೆ ಮಣ್ಣು ದಾರಿ ಅಂದ್ರಲ್ಲ, ಅದಕ್ಕೆ ಬರೀತಿದೀನಿ. ಈಗ ಡಿಸೆಂಬರ್ ಬಂತು. ಇಲ್ಲಿಂದ ಮೇ ಕೊನೆವರೆಗೂ ನಮ್ಮ ಕಡೆ ಮಂಗನ ಕಾಯಿಲೆ ಸಮಯ. ಮೊದ್ಲು ಕಂಡಿದ್ದೇ ನಮ್ಮ ಜಿಲ್ಲೆಲಿ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ. ಹರಡೋದು ಉಣುಗು, ಅಂದ್ರೆ ರಕ್ತ ಹೀರೋ ಉಣ್ಣೆ. ದೊಡ್ಡ ಉಣುಗು ಕಣ್ಣಿಗೆ ಬೀಳುತ್ತೆ ಸರ್, ಈ ಟೈಮಲ್ಲಿ ಕಚ್ಚೋದು ಅದರ ಮರಿ, ಎಳ್ಳಿಗಿಂತ ಸಣ್ಣ, ಒಣಗಿದ ಎಲೆ ಮೇಲೆ ಕೂತಿರುತ್ತೆ, ನೀವು ಚಡ್ಡಿ ಹಾಕ್ಕೊಂಡು ಹಳುವಿನ ಮಧ್ಯೆ ಓಡಿದ್ರೆ ಅದಕ್ಕೆ ಹಬ್ಬ.

ಅದಕ್ಕೆ ಈ ಐದಾರು ತಿಂಗಳು ಟಾರ್ ರಸ್ತೇಲೇ ಓಡಿ. ಸೊಪ್ಪಿನ ಬೆಟ್ಟಕ್ಕೆ, ತರಗು ಬಿದ್ದಿರೋ ಕಡೆಗೆ ಬೇಡ. ಹೋಗ್ಲೇಬೇಕಂದ್ರೆ ಉದ್ದ ಪ್ಯಾಂಟ್, ಅದರ ತುದಿ ಸಾಕ್ಸ್ ಒಳಗೆ, ಕೈಕಾಲಿಗೆ ಉಣುಗು ಹತ್ತದ ಹಾಗೆ ಹಚ್ಚೋ ಡೇಪಾ ಎಣ್ಣೆ. ಪಿಎಚ್‌ಸಿಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ರ ಕೇಳಿ ನೋಡಿ. ಮನೆಗೆ ಬಂದ ತಕ್ಷಣ ಬಿಸಿ ನೀರಲ್ಲಿ ಸೋಪು ಹಚ್ಚಿ ಸ್ನಾನ, ಆ ಬಟ್ಟೆ ಹಾಸಿಗೆ ಮೇಲೆ ಬಿಸಾಡ್ಬೇಡಿ. ದಾರೀಲಿ ಮಂಗ ಸತ್ತು ಬಿದ್ದಿದ್ರೆ ಹತ್ರ ಹೋಗ್ಬೇಡಿ, ಫೋಟೋ ಅಂತೂ ಬೇಡವೇ ಬೇಡ, ಪಂಚಾಯ್ತಿಗೋ ಆರೋಗ್ಯ ಇಲಾಖೆಗೋ ತಿಳಿಸಿ, ಆ ದಾರಿ ಆ ವರ್ಷಕ್ಕೆ ಬಿಡಿ. ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಓಡಿದ್ದಕ್ಕೆ ಸುಸ್ತು ಅನ್ಕೊಂಡು ಮಲಗ್ಬೇಡಿ, ಬಂದು ಕಾಡ್ ದಾರೀಲಿ ಹೋಗಿದ್ದೆ ಅಂತ ಹೇಳಿ. ಹೆದರ್ಸೋಕೆ ಹೇಳ್ತಿಲ್ಲ, ನಾವೆಲ್ಲ ಇಲ್ಲೇ ಬದುಕ್ತಿದೀವಲ್ಲ.

ಬ್ಯಾಣದ_ಮನೆ:
ನಾನು ತೋಟ ಇರೋನು. ಓಡೋರ ಮೇಲೆ ನಂಗೆ ಸಿಟ್ಟೇನಿಲ್ಲ, ಆದ್ರೆ ಒಂದೆರಡು ಮಾತು. ಮಲೆನಾಡಲ್ಲಿ ನಿಮ್ಗೆ ಕಾಡ್ ದಾರಿ ಅಂತ ಕಾಣೋದು ಮುಕ್ಕಾಲು ಪಾಲು ಯಾರ್ದೋ ಮನೆಗೆ ಹೋಗೋ ದಾರಿ. ನಡುವೆ ಉಣುಗೋಲು, ಅಂದ್ರೆ ದನ ದಾಟದ ಹಾಗೆ ಅಡ್ಡ ಗಳ ಹಾಕಿದ ಗೇಟು ಇರುತ್ತೆ, ಗಳ ಸರಿಸಿ ದಾಟಿದ್ಮೇಲೆ ತಿರುಗಿ ಹಾಕಿ ಮಾರಾಯ್ರೆ. ಹೋದ ವರ್ಷ ಯಾರೋ ಬೆಂಗಳೂರಿನ ಕಡೆಯೋರು, ಹೋಂಸ್ಟೇಗೆ ಬಂದೋರು, ಕಿವೀಲಿ ಇಯರ್‌ಫೋನ್ ಸಿಗಿಸ್ಕೊಂಡು ಓಡಿ ಹೋದ್ರು, ಉಣುಗೋಲು ಹಾಗೇ ಬಿಟ್ಟಿದ್ರು, ನಮ್ಮ ಎರಡು ದನ ಪಕ್ಕದ ಮನೆ ಗದ್ದೆಗೆ ನುಗ್ಗಿ ಆಗಷ್ಟೇ ತೆನೆ ಬಂದಿದ್ದ ಭತ್ತ ಒಂದು ಸಾಲು ಬೋಳ್ಸಿದ್ವು. ಬೈಸ್ಕೊಂಡಿದ್ದು ನಾನು. ಓಡಿದೋರು ಅಷ್ಟೊತ್ತಿಗೆ ನೀರು ದೋಸೆ ತಿಂತಿದ್ರೇನೋ.

ಐಬೆಕ್ಸ್ ಬೇಲಿ, ಅಂದ್ರೆ ಕರೆಂಟ್ ಬೇಲಿ ಮುಟ್ಬೇಡಿ, ಸಾಯಲ್ಲ, ಆದ್ರೆ ಆ ದಿನ ಪೂರ್ತಿ ನೆನಪಿರುತ್ತೆ. ಕತ್ತಲಲ್ಲಿ ಗುಡ್ಡದ ಕಡೆ ಹೋಗ್ಬೇಡಿ, ಹಂದಿ ಕಾಟಕ್ಕೆ ಕೋವಿ ಹಿಡಿದು ಕಾಯೋರು ಇರ್ತಾರೆ. ಮಳೆಗಾಲ ಶುರುವಲ್ಲಿ ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆಯೋವಾಗ ತೋಟದ ಒಳದಾರಿ ಬೇಡ. ಸುಣ್ಣ ಮೈಲುತುತ್ತು ಮೇಲಿಂದ ಸುರಿಯುತ್ತೆ, ಬಿಳಿ ಟೀ ಶರ್ಟಲ್ಲಿ ಬಂದ್ರೆ ನೀಲಿ ಶರ್ಟಲ್ಲಿ ಮನೆಗೆ ಹೋಗ್ತೀರಿ.

ಮತ್ತೆ ಆ ಅಜ್ಜಿ ಕೇಳಿದ್ದು ಬೈಯೋಕಲ್ಲ. ನಮ್ಮ ಕಡೆ ಹೊಸ ಮುಖ ಕಂಡ್ರೆ ಹಾಗೇ ಕೇಳೋದು. ಇಂಥ ಆಫೀಸಲ್ಲಿ ಕೆಲ್ಸ, ಬೆಳಗ್ಗೆ ಓಡ್ತೀನಿ ಅಂತ ಒಂದ್ಸಲ ಹೇಳಿ, ಮುಂದಿನ ವಾರಕ್ಕೆ ಊರಿಗೆಲ್ಲಾ ಗೊತ್ತಾಗಿರುತ್ತೆ, ಯಾರೂ ಕೇಳಲ್ಲ.

ಕಾಲುದಾರಿ_ಕಮಲ:
ನಾನು ನಾಲ್ಕು ವರ್ಷದಿಂದ ಇಲ್ಲಿ ಓಡ್ತಿದೀನಿ, ಹೆಚ್ಚಾಗಿ ಒಬ್ಳೇ. ನಾಯಿ ವಿಷ್ಯ: ನಾಯಿ ಬೊಗಳಿದ ತಕ್ಷಣ ಓಟ ನಿಲ್ಸಿ ನಡೀರಿ, ಮುಖ ನೋಡ್ಬೇಡಿ, ಮನೆಯೋರಿಗೆ ಕೇಳೋ ಹಾಗೆ ಜೋರಾಗಿ "ಯಾರಿದೀರಿ?" ಅನ್ನಿ, ಒಳಗಿಂದ ಯಾರಾದ್ರೂ ಹಚಾ ಅಂದ್ರೆ ಮುಗೀತು. ಕಲ್ಲು ಎತ್ತೋಕೆ ಹೋಗ್ಬೇಡಿ, ಮಾರನೇ ದಿನಾನೂ ಅದೇ ದಾರೀಲಿ ಬರೋದು ನೀವು. ನಮ್ಮ ದಾರೀಲಿರೋ ಒಂದು ಕರಿ ನಾಯಿ ಮೊದಲ ತಿಂಗಳು ಅಟ್ಟಿಸ್ಕೊಂಡು ಬರ್ತಿತ್ತು, ಈಗ ಜೊತೆಗೇ ಒಂದು ಕಿ.ಮೀ. ಓಡಿ ಮೋರಿ ಹತ್ರ ನಿಂತ್ಕೊಳ್ಳುತ್ತೆ, ಅದರಾಚೆ ಬೇರೆ ನಾಯಿ ಏರಿಯಾ ಅನ್ಸುತ್ತೆ.

ಜನವರೀಲಿ ಆರೂ ಮುಕ್ಕಾಲಿಗೂ ಬೆಳಕು ಸರಿಯಾಗಿ ಬಿದ್ದಿರಲ್ಲ, ಮಂಜು ಬೇರೆ, ಹಾಗಾಗಿ ಕೆಂಪೋ ಕಿತ್ತಳೆನೋ ಯಾವ್ದಾದ್ರೂ ಎದ್ದು ಕಾಣೋ ಬಣ್ಣದ ಶರ್ಟ್ ಹಾಕ್ಕೊಳ್ಳಿ. ಮಳೆಗಾಲದಲ್ಲಿ ಕಾಂಕ್ರೀಟ್ ರಸ್ತೆ ನಂಬ್ಬೇಡಿ, ಹಾವಸೆ ಕಟ್ಟಿರುತ್ತೆ, ನಾನು ಒಂದ್ಸಲ ಇಳಿಜಾರಲ್ಲಿ ಕೂತ್ಕೊಂಡೇ ಐದಾರು ಅಡಿ ಜಾರಿದೀನಿ. ಇಂಬಳಕ್ಕೆ (ಜಿಗಣೆ) ಕೊಬ್ರಿ ಎಣ್ಣೆಗೆ ಹೊಗೆಸೊಪ್ಪಿನ ಪುಡಿ ಸೇರ್ಸಿ ಕಾಲಿಗೆ ಹಚ್ಕೊಳ್ಳೋದು, ಮಳೆ ಜೋರಾದ್ರೆ ಅದೂ ತೊಳೆದು ಹೋಗುತ್ತೆ. ಕಚ್ಚಿದ್ರೆ ಗಾಬರಿ ಬೇಡ, ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ ಅಷ್ಟೇ.

ಒಂದು ಜಾಗ ಯಾರೂ ಹೇಳಿಲ್ಲ: ಕುಂದಾದ್ರಿ. ಆಗುಂಬೆ ರಸ್ತೇಲಿ ಗುಡ್ಡೇಕೇರಿ ಹತ್ರ ತಿರುಗಬೇಕು, ಮೇಲಿನವರೆಗೂ ಟಾರ್ ಇದೆ, ಉಣುಗಿನ ಕಾಲಕ್ಕೆ ಸರಿಹೋಗುತ್ತೆ. ಕೊನೇ ತಿರುವುಗಳು ಎಷ್ಟು ಕಡಿದು ಅಂದ್ರೆ ಓಡೋದಕ್ಕಿಂತ ನಡೆಯೋದೇ ಬೇಗ. ಮೇಲೆ ಬಂಡೆ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕಲ್ಲಿನ ಕೊಳ. ಸಂಕ್ರಾಂತಿ ದಿನ ಜನಜಾತ್ರೆ, ಅವತ್ತು ಬೇಡ. ಇದಕ್ಕೆ ಮಾತ್ರ ಒಬ್ಳೇ ಹೋಗಲ್ಲ, ನಾವು ಮೂರು ಜನ ಸೇರಿ ಹೋಗ್ತೀವಿ, ಬರೋ ಹಾಗಿದ್ರೆ ಹೇಳಿ.

ಕುಕ್ಕರಹಳ್ಳಿ_ಸುತ್ತು:
ತಡವಾಗಿ ಬರೀತಿದೀನಿ, ಎಲ್ರಿಗೂ ಥ್ಯಾಂಕ್ಸ್. ಎರಡು ತಿಂಗಳಾಯ್ತು, ಕುರುವಳ್ಳಿ ದಾರಿ ದಿನಾ ಆಗ್ಬಿಟ್ಟಿದೆ. ಮೊದಲ ವಾರ ಮೈಸೂರಿನ ಟೈಮಿಂಗ್ ಇಟ್ಕೊಂಡು ಓಡೋಕೆ ಹೋಗಿ ಏದುಸಿರು ಬಂತು, ಇಲ್ಲಿ ನೂರು ಮೀಟರ್ ಸಪಾಟು ಸಿಕ್ಕಿದ್ರೆ ಪುಣ್ಯ, ಈಗ ವಾಚ್ ನೋಡೋದು ಬಿಟ್ಟಿದೀನಿ. ಚಿಬ್ಬಲಗುಡ್ಡೆ ಆಯ್ತು, ಮೀನು ನೋಡ್ತಾ ಮುಕ್ಕಾಲು ಗಂಟೆ ಕೂತು ಕಾಲು ಮರಗಟ್ಟಿ ಹೋಯ್ತು. ಕುಂದಾದ್ರಿಗೆ ನಾನೂ ಬರ್ತೀನಿ ಕಮಲ ಅವ್ರೆ.

ಆ ಅಜ್ಜಿ ಮನೆಗೆ ಮತ್ತೆ ಹೋಗಿ ಪರಿಚಯ ಹೇಳ್ಕೊಂಡೆ. ಈಗ ಆ ಅಂಗಳ ದಾಟಿ ಆಚೆ ಕಡೆ ರಸ್ತೆಗೆ ಹೋಗೋಕೆ ಬಿಡ್ತಾರೆ, ಒಂದೇ ಷರತ್ತು, ಅಡಿಕೆ ತುಳೀಬಾರ್ದು. ಮೊನ್ನೆ ವಾಪಸ್ ಬರೋವಾಗ ಕೈಗೆ ಹಾಲಿನ ಕ್ಯಾನ್ ಕೊಟ್ಟು "ಹೆಂಗೂ ಓಡ್ತೀಯಲ್ಲ, ಡೈರಿಗೆ ಕೊಟ್ಟು ಹೋಗು" ಅಂದ್ರು, ಎರಡು ಕಿ.ಮೀ. ಕ್ಯಾನ್ ಹಿಡ್ಕೊಂಡು ನಡೆದೆ, ಓಡಿದ್ರೆ ಚೆಲ್ಲುತ್ತಲ್ಲ.

ಇನ್ನೊಂದು ಡೌಟು. ಜೂನಿಂದ ಶೂ ಒಣಗಿಸೋದು ಹೆಂಗೆ? ಎರಡು ಜೊತೆ ಬೇಕಾಗುತ್ತಾ?

ಬ್ಯಾಣದ_ಮನೆ:
ಮೂರು ಇಟ್ಕೊಳ್ಳಿ. ಒಳಗೆ ಪೇಪರ್ ತುರುಕಿ ಬಚ್ಚಲೊಲೆ ಹತ್ರ ಇಡೋದು, ಆದ್ರೆ ಒಲೆ ಮೇಲಿನ ಕಟ್ಟೆ ಮೇಲಲ್ಲ. ನಮ್ಮ ಹುಡುಗ ಹಾಗೆ ಇಟ್ಟು ಬೆಳಗ್ಗೆ ಎದ್ದು ನೋಡಿದ್ರೆ ಅಟ್ಟೆ ಒಂದ್ಕಡೆ, ಶೂ ಒಂದ್ಕಡೆ.