ಕಾಣೆಯಾದವರ ಬಗ್ಗೆ ಮನೆಯದ್ದೊಂದು ಕಥೆ, ಜನರದ್ದೊಂದು ಕಥೆ: ಯಾವುದನ್ನು ಹಿಡಿದು ಹುಡುಕಬೇಕು?

ಡೊಂಬಿವಲಿ ಪೂರ್ವ (ಪ್ರಶ್ನೆ)

ನಮ್ಮ ಸಂಘಕ್ಕೆ ಗೊತ್ತಿರುವ ಒಂದು ತುಳು ಮಾತಾಡುವ ಕುಟುಂಬದ ವಿಷಯ. ಹೆಸರು, ಗುರುತು ಯಾರೂ ಕೇಳಬೇಡಿ. ಐವತ್ತು ದಾಟಿದ ಗಂಡಸು, ಮುಂಬಯಿಯ ಫೋರ್ಟ್ ಕಡೆಯ ಹೋಟೆಲಿನಲ್ಲಿ ಕ್ಯಾಷಿಯರ್. ರಾತ್ರಿ ಕೆಲಸ ಮುಗಿಸಿ ಸಿಎಸ್‌ಎಂಟಿಯಲ್ಲಿ ಲೋಕಲ್ ರೈಲು ಹತ್ತಿದ್ದನ್ನು ಜೊತೆಯವರು ನೋಡಿದ್ದಾರೆ. ಮನೆಗೆ ಬರಲಿಲ್ಲ. ಹತ್ತಿರ ಹತ್ತಿರ ಐದು ವರ್ಷ ಆಯಿತು. ಡೊಂಬಿವಲಿಯ ಠಾಣೆಯಲ್ಲಿ ಮಿಸ್ಸಿಂಗ್ ಕಂಪ್ಲೇಂಟ್ ಇದೆ.

ತಾಯಿ ಹೇಳುವುದು, ಮಗ ಯಾವುದೋ ಮಠದಲ್ಲಿದ್ದಾನೆ, ಬರುತ್ತಾನೆ. ತಮ್ಮ ಹೇಳುವುದು, ಯಾರೋ ಮುಗಿಸಿದ್ದಾರೆ. ಹೆಂಡತಿ ಬಾಯಿ ಬಿಡುವುದಿಲ್ಲ, ಅದಕ್ಕೂ ಜನ ಅರ್ಥ ಕಟ್ಟುತ್ತಾರೆ. ವಾಟ್ಸಾಪಿನಲ್ಲಿ ಚೀಟಿ ಹಣ, ಸಾಲ, ಎರಡನೇ ಸಂಸಾರ ಎಲ್ಲವೂ ಬಂದುಹೋಯಿತು. ಊರಲ್ಲಿ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದ್ದೂ ಆಗಿದೆ. ಇಷ್ಟೊಂದು ಅರ್ಥಗಳ ನಡುವೆ ಕುಟುಂಬ ಈಗ ಏನು ಮಾಡಬಹುದು? ಬಲ್ಲವರು ಹೇಳಿ.

ಠಾಣೆ ನಾಕಾ (ಉತ್ತರ)

ಮೊದಲು ಒಂದು ಹಾಳೆ ತೆಗೆದುಕೊಂಡು ಕಂಡದ್ದು, ದಾಖಲೆಯಲ್ಲಿರುವುದು, ಊಹಿಸಿದ್ದು ಅಂತ ಮೂರು ಕಾಲಂ ಹಾಕಿಸಿ. ಐದು ವರ್ಷದಲ್ಲಿ ಮೂರನೆಯ ಕಾಲಮಿನ ಮಾತುಗಳು ಮೊದಲನೆಯದಕ್ಕೆ ಜಾರಿರುತ್ತವೆ. "ಲೋಕಲ್ ಹತ್ತಿದ್ದನ್ನು ನೋಡಿದ್ದಾರೆ" ಎನ್ನುವುದನ್ನೇ ಮತ್ತೆ ಕೇಳಿ. ಗಾಡಿ ಹತ್ತಿದ್ದು ಕಣ್ಣಿಗೆ ಬಿತ್ತೋ, ಪ್ಲಾಟ್‌ಫಾರ್ಮ್ ಕಡೆ ನಡೆದದ್ದು ಮಾತ್ರವೋ? ಹತ್ತಿದ್ದಾದರೆ ಕಲ್ಯಾಣ ಲೋಕಲೋ, ಕಸಾರಾದ್ದೋ, ಕರ್ಜತ್‌ದ್ದೋ? ಕೆಲಸದಿಂದ ಸುಸ್ತಾದವನು ನಿದ್ದೆ ಹೋಗಿ ಡೊಂಬಿವಲಿ ದಾಟಿದರೆ ಹುಡುಕುವ ಜಾಗವೇ ಬೇರೆ.

ಕೊನೆಗೆ ಕಣ್ಣಿಗೆ ಬಿದ್ದದ್ದು, ಕೊನೆಯ ಮೊಬೈಲ್ ಟವರ್, ಕೊನೆಗೆ ಕಾರ್ಡ್ ಉಜ್ಜಿದ್ದು, ಈ ಮೂರನ್ನೂ ಬೆರೆಸಬೇಡಿ. ಫೋನ್ ಮರುದಿನ ಕುರ್ಲಾದಲ್ಲಿ ಆನ್ ಆಯಿತು ಎಂದರೆ ಮನುಷ್ಯ ಕುರ್ಲಾದಲ್ಲಿದ್ದ ಎಂದಲ್ಲ. ಲೋಕಲ್‌ನಲ್ಲಿ ಫೋನ್ ಕಳುವಾಗುವುದು ದಿನನಿತ್ಯದ ಮಾತು, ಬಿದ್ದ ಫೋನನ್ನು ಯಾರೋ ಎತ್ತಿಕೊಂಡಿರಬಹುದು. ಬೇರೆ ಸಿಮ್ ಬಿದ್ದಿದ್ದರೆ ಅದು ಐಎಂಇಐ ನಂಬರಿನಿಂದ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ತಿಳಿಯುತ್ತದೆ, ಫೋನಿನ ಡಬ್ಬ ಇದ್ದರೆ ಎಸೆಯಬೇಡಿ. ಕಂಪನಿಗಳು ಕಾಲ್ ದಾಖಲೆ ಇಡಬೇಕಾದ ಅವಧಿ ಎರಡು ವರ್ಷ. ಈಗ ಹೊಸದಾಗಿ ತರಿಸುವುದು ಕಷ್ಟ, ಆದರೆ ಆಗಲೇ ತರಿಸಿದ್ದರೆ ಫೈಲಿನಲ್ಲಿ ಇರುತ್ತದೆ. ಅದಿದೆಯೇ ಎಂದು ಐಒ (ತನಿಖಾಧಿಕಾರಿ) ಅವರನ್ನು ಬರವಣಿಗೆಯಲ್ಲಿ ಕೇಳಿ. ಸಿಸಿಟಿವಿ ಆಸೆ ಬಿಡಿ, ಸೊಸೈಟಿ, ಅಂಗಡಿಗಳ ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ) ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ.

ಇನ್ನು ಮುಖ್ಯ ಸಂಗತಿ. ಡೊಂಬಿವಲಿಯ ಪೊಲೀಸ್ ಸ್ಟೇಷನ್ ಬರುವುದು ಠಾಣೆ ನಗರದ ಪೊಲೀಸ್ ಕಮಿಷನರ್ ಕೆಳಗೆ. ಸಿಎಸ್‌ಎಂಟಿ ಹೊರಗಿನ ರಸ್ತೆ ಮುಂಬಯಿ ಪೊಲೀಸರದ್ದು. ಹಳಿ ಮತ್ತು ಪ್ಲಾಟ್‌ಫಾರ್ಮ್ ರೈಲ್ವೆ ಪೊಲೀಸರದ್ದು, ಅದಕ್ಕೆ ಬೇರೆಯೇ ಕಮಿಷನರ್. ಮಿಸ್ಸಿಂಗ್ ನಂಬರ್ ಒಂದು ಕಡೆ, ಗುರುತು ಸಿಗದ ಶವದ ಎಡಿಆರ್ (ಆಕಸ್ಮಿಕ ಸಾವಿನ ವರದಿ) ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರಾದರೂ ನೋಡುವವರೆಗೆ ಅವು ತಾವಾಗಿ ಭೇಟಿಯಾಗುವುದಿಲ್ಲ. ಮುಂಬಯಿ ಲೋಕಲ್ ಹಳಿಗಳ ಮೇಲೆ ಸಾಮಾನ್ಯ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಕೊನೆಗೆ ಲೋಕಲ್‌ನಲ್ಲಿ ಕಂಡವನ ವಿಷಯದಲ್ಲಿ ಮಠ, ಕೊಲೆ, ಎರಡನೇ ಸಂಸಾರ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಮನೆಯವರ ಮುಂದೆ ಇದನ್ನು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ, ಹಾಗಾಗಿ ಇದೇ ಉಳಿದುಬಿಡುತ್ತದೆ.

ಸಿಎಸ್‌ಎಂಟಿ, ದಾದರ್, ಕುರ್ಲಾ, ಠಾಣೆ, ಡೊಂಬಿವಲಿ, ಕಲ್ಯಾಣ, ಕರ್ಜತ್ ರೈಲ್ವೆ ಠಾಣೆಗಳ ಎಡಿಆರ್ ರಿಜಿಸ್ಟರ್ ಮತ್ತು ಫೋಟೊ ಆಲ್ಬಂ ನೋಡಿ. ಕಾಣೆಯಾದ ದಿನದ ಪುಟವೊಂದನ್ನೇ ನೋಡಿ ಬರುವುದು ಎಲ್ಲರೂ ಮಾಡುವ ತಪ್ಪು. ಗಾಯಗೊಂಡವನು ಹೆಸರು ಹೇಳಲಾಗದೆ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ತೀರಿಕೊಂಡಿರಬಹುದು, ಎಡಿಆರ್ ಆ ದಿನಾಂಕದ್ದಾಗಿರುತ್ತದೆ. ಮುಂದಿನ 45 ದಿನವಾದರೂ ನೋಡಿ. ಸೆಂಟ್ರಲ್ ಲೈನಿನ ಗಾಯಾಳುಗಳು ಹೆಚ್ಚಾಗಿ ಹೋಗುವುದು ಸಾಯನ್, ಕೆಇಎಂ, ರಾಜಾವಾಡಿ, ಕಳವಾ, ಡೊಂಬಿವಲಿಯ ಶಾಸ್ತ್ರೀನಗರ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗಳಿಗೆ. ಅಲ್ಲಿಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ದಾಖಲೆಯಲ್ಲಿ "ಅಜ್ಞಾತ ಗಂಡಸು, ಸುಮಾರು 50" ಎಂದು ಇರುತ್ತದೆ. ವಯಸ್ಸನ್ನು ಹತ್ತು ವರ್ಷ ಆಚೆ ಈಚೆ ಇಟ್ಟುಕೊಂಡೇ ಓದಿ, ಅದು ಡ್ಯೂಟಿ ಮೇಲಿದ್ದವರ ಅಂದಾಜು ಮಾತ್ರ.

ವಡಾಳಾ ವಾಚಕ

ಮೇಲಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ ಇಲ್ಲ. ಜನರ ಬಾಯಿಮಾತನ್ನು ಮೂರನೇ ಕಾಲಮಿಗೆ ತಳ್ಳಿದರೆ ಒಳ್ಳೆಯ ಸುಳಿವೂ ಹೋಗುತ್ತದೆ. ಚೀಟಿ ಹಣದ ವಿಷಯ ಹೇಳುವವನಿಗೆ ನಿಜವಾಗಿಯೂ ಏನೋ ಗೊತ್ತಿರಬಹುದು. ಪತ್ರಿಕೆ, ಟಿವಿ ಒತ್ತಡ ಇಲ್ಲದೆ ಫೈಲು ಕದಲುವುದೂ ಇಲ್ಲ.

ಠಾಣೆ ನಾಕಾ

ಚೀಟಿ ಹಣ ಎಂದವರನ್ನು ಯಾರ ಚೀಟಿ, ಎಷ್ಟು, ಯಾವ ತಿಂಗಳು ಎಂದು ಕೇಳಿ. ಉತ್ತರ ಬಂದರೆ ಅದು ಎರಡನೇ ಕಾಲಮಿಗೆ ಹೋಗುತ್ತದೆ, ಐಒಗೆ ಕೊಡಬಹುದು. "ಎಲ್ಲರೂ ಹೇಳುತ್ತಾರೆ" ಎಂದರೆ ಮೂರರಲ್ಲೇ ಇರಲಿ.

ಜನರ ಕಥೆ ಹುಟ್ಟುವುದು ಕಾಣೆಯಾದವರ ವಯಸ್ಸು, ಲಿಂಗ ನೋಡಿ. ಹುಡುಗಿಯಾದರೆ ಓಡಿಹೋದಳು, ದುಡ್ಡು ಮುಟ್ಟುವ ಕೆಲಸದವನಾದರೆ ನುಂಗಿಹಾಕಿದ, ಮುದುಕನಾದರೆ ಕಾಶಿಗೆ ಹೋದ. ಹಾನಿ ಏನೆಂದರೆ ಇದೇ ಕಥೆ ಠಾಣೆಯ ಮೇಜಿಗೂ ಹೋಗಿ, ಮೊದಲ ವಾರ "ತಾವಾಗಿ ಬರುತ್ತಾರೆ ಬಿಡಿ" ಎಂದು ಕಳೆದುಹೋಗುತ್ತದೆ. ಮಕ್ಕಳ ವಿಷಯದಲ್ಲಿ ಈ ದಾರಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಬಚಪನ್ ಬಚಾವೊ ಆಂದೋಲನ ಪ್ರಕರಣದಲ್ಲಿ ಮುಚ್ಚಿತು: ಅಪಹರಣವೆಂದೇ ಹಿಡಿದು ಎಫ್‌ಐಆರ್ ದಾಖಲಿಸಬೇಕು. ದೊಡ್ಡವರಿಗೆ ಆ ನಿಯಮ ಇಲ್ಲ. ಮಿಸ್ಸಿಂಗ್ ರಿಜಿಸ್ಟರಿನಲ್ಲಿ ನಂಬರ್ ಬೀಳುತ್ತದೆ, ಅಷ್ಟೇ. ಅಪರಾಧದ ನಿರ್ದಿಷ್ಟ ಮಾಹಿತಿ ಇದ್ದರೆ ಮಾತ್ರ ಎಫ್‌ಐಆರ್. ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ (ವ್ಯಕ್ತಿಯನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಕೋರುವ ಅರ್ಜಿ) ಹಾಕಿ ಎಂದು ಯಾರಾದರೂ ಹೇಳುತ್ತಾರೆ. ಯಾರೋ ಅಕ್ರಮವಾಗಿ ಕೂಡಿಹಾಕಿದ್ದಾರೆ ಎನ್ನಲು ಆಧಾರವಿಲ್ಲದೆ ಅದು ನಿಲ್ಲುವುದಿಲ್ಲ.

ಕಥೆಗಳು ಎಷ್ಟು ದೂರ ತಪ್ಪಬಹುದು ಎನ್ನುವುದಕ್ಕೆ ಅಂಧೇರಿಯ ಡಿ. ಎನ್. ನಗರದ ಪ್ರಕರಣ ನೋಡಿ. 2013ರ ಜನವರಿಯಲ್ಲಿ ಶಾಲೆಯ ಹತ್ತಿರದಿಂದ ಕಾಣೆಯಾದ ಏಳು ವರ್ಷದ ಹುಡುಗಿ ಸಿಕ್ಕಿದ್ದು 2022ರ ಆಗಸ್ಟಿನಲ್ಲಿ. ಸಿಕ್ಕಾಗ ಇದ್ದದ್ದು ತನ್ನ ಮನೆಯಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ. ಅಂತರ್ಜಾಲದಲ್ಲಿ ಉಳಿದಿದ್ದ ಹಳೆಯ ಪೋಸ್ಟರ್ ದಾರಿ ತೋರಿಸಿತು. ಅದರಲ್ಲಿ ಐದು ಫೋನ್ ನಂಬರ್ ಇದ್ದವು, ಒಂಬತ್ತು ವರ್ಷದ ನಂತರ ಚಾಲ್ತಿಯಲ್ಲಿದ್ದದ್ದು ಒಂದೇ, ಅದೂ ನೆರೆಮನೆಯವರದ್ದು. ಹಾಗಾಗಿ ಪೋಸ್ಟರಿನ ನಂಬರನ್ನು ಬದಲಿಸಬೇಡಿ, ರೀಚಾರ್ಜ್ ತಪ್ಪಿಸಬೇಡಿ. ಕಾಣೆಯಾದವರ ಸ್ವಂತ ಸಿಮ್ ಕೂಡ ಸಾಧ್ಯವಿದ್ದರೆ ಜೀವಂತ ಇಡಿ.

ತದ್ವಿರುದ್ಧದ್ದೂ ಇದೆ. ಶೀನಾ ಬೋರಾ ಕೊಲೆ ಪ್ರಕರಣದಲ್ಲಿ 2012ರ ಮೇ ತಿಂಗಳಲ್ಲೇ ರಾಯಗಡ ಜಿಲ್ಲೆಯ ಪೆಣ್ ಕಡೆ ಅವಶೇಷ ಸಿಕ್ಕಿತ್ತು. ಅದು ಯಾರದ್ದಿರಬಹುದೆಂದು ಹೊರಬಂದದ್ದು 2015ರ ಆಗಸ್ಟಿನಲ್ಲಿ. ಜಿಲ್ಲೆಯ ಗಡಿ ದಾಟಿದರೆ ದಾಖಲೆಗೆ ಕಣ್ಣು ಕಾಣುವುದಿಲ್ಲ. ಠಾಣೆ ಗ್ರಾಮೀಣ, ಪಾಲಘರ್, ರಾಯಗಡ, ನವಿ ಮುಂಬಯಿ, ಎಲ್ಲ ಕಡೆಗೂ ವಿವರ ಕಳಿಸಲು ಐಒಗೆ ಹೇಳಿ, ಕಳಿಸಿದ ಪತ್ರದ ಜಾವಕ್ ನಂಬರ್ (ಹೊರಹೋದ ಪತ್ರದ ನೋಂದಣಿ ಸಂಖ್ಯೆ) ಕೇಳಿ ಪಡೆಯಿರಿ.

ಪರೇಲ್ ಲ್ಯಾಬ್

ಗುರುತಿನ ವಿವರದ ಬಗ್ಗೆ ಸ್ವಲ್ಪ. ಫೈಲಿನಲ್ಲಿ "ನೀಲಿ ಶರ್ಟ್, ಕಪ್ಪು ಪ್ಯಾಂಟ್, ಎತ್ತರ 5.5" ಎಂದಿದ್ದರೆ ಅದರಿಂದ ಉಪಯೋಗ ಕಡಿಮೆ. 5 ಅಡಿ 5 ಇಂಚೋ, ಐದೂವರೆ ಅಡಿಯೋ ಗೊತ್ತಾಗುವುದಿಲ್ಲ, ಸೆಂಟಿಮೀಟರಿನಲ್ಲಿ ಬರೆಸಿ. ಬಟ್ಟೆ ಬದಲಾಗುತ್ತದೆ. ಹಳೆಯ ಮೂಳೆ ಮುರಿತ, ಹರ್ನಿಯಾ ಗಾಯದ ಗುರುತು, ಹಚ್ಚೆ, ಕ್ಯಾಪ್ ಹಾಕಿಸಿದ ಹಲ್ಲು ಬದಲಾಗುವುದಿಲ್ಲ. ಮೂಳೆಗೆ ಪ್ಲೇಟ್ ಕೂರಿಸಿದ್ದರೆ ಅದರ ಮೇಲೆ ತಯಾರಕರ ನಂಬರ್ ಇರುತ್ತದೆ, ಆಸ್ಪತ್ರೆಯ ಬಿಲ್ಲಿನಲ್ಲೋ ಸ್ಟಿಕರಿನಲ್ಲೋ ಅದೇ ನಂಬರ್ ಸಿಗಬಹುದು. ದಂತವೈದ್ಯರ ಎಕ್ಸ್‌ರೇ ಕೇಳಿ. ಫೋಟೊ ಮದುವೆ ಆಲ್ಬಮಿನದ್ದು ಬೇಡ, ಹಲ್ಲು ಕಾಣುವಂತೆ ನಕ್ಕದ್ದು ಒಂದು, ನಗದೆ ಇರುವುದು ಒಂದು, ಇತ್ತೀಚಿನದ್ದಾಗಿರಲಿ.

ಡಿಎನ್‌ಎಗೆ ತಾಯಿಯ ರಕ್ತ ಅಥವಾ ಮಕ್ಕಳ ರಕ್ತ ಬಲವಾದ ಹೋಲಿಕೆ ಕೊಡುತ್ತದೆ, ತಮ್ಮನದ್ದು ಅಷ್ಟು ಖಚಿತವಲ್ಲ. ತಾಯಿಗೆ ವಯಸ್ಸಾಗಿದ್ದರೆ ತಡಮಾಡದೆ ಪೊಲೀಸರ ಮೂಲಕ ಮಾದರಿ ಕೊಡಿಸುವ ವಿಷಯ ಎತ್ತಿ, ಪರೀಕ್ಷೆ ಆಗುವುದು ಕಾಲಿನಾದ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ನಲ್ಲಿ. ಒಂದು ಭ್ರಮೆ ಬೇಡ: ಒಮ್ಮೆ ರಕ್ತ ಕೊಟ್ಟರೆ ದೇಶದ ಎಲ್ಲ ಅಜ್ಞಾತ ಶವಗಳ ಜೊತೆ ತಾನಾಗಿ ಹೋಲಿಕೆ ಆಗುವುದಿಲ್ಲ. ಅಂಥ ರಾಷ್ಟ್ರೀಯ ಸಂಗ್ರಹಕ್ಕೆ ದಾರಿ ಮಾಡಬೇಕಿದ್ದ ಡಿಎನ್‌ಎ ಮಸೂದೆಯನ್ನು ಸರ್ಕಾರ 2023ರಲ್ಲಿ ವಾಪಸ್ ಪಡೆಯಿತು. ಇಂಥ ಠಾಣೆಯ ಇಂಥ ಎಡಿಆರ್ ಜೊತೆ ಹೋಲಿಸಿ ಎಂದು ನಿರ್ದಿಷ್ಟವಾಗಿ ಕೇಳಬೇಕು.

ತಾಯಿಯ ಮಾತನ್ನೂ ತಳ್ಳಿಹಾಕಬೇಡಿ. ಮನಸ್ಸು ಕೆಟ್ಟು ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಹೇಳುತ್ತದೆ. ಅಂಥವರು ಠಾಣೆ ನಗರ, ಪುಣೆಯ ಯೆರವಡಾ, ರತ್ನಾಗಿರಿ, ನಾಗಪುರದ ಪ್ರಾದೇಶಿಕ ಮನೋರುಗ್ಣಾಲಯಗಳಲ್ಲಿ ಸಿಗಬಹುದು. ಕರ್ಜತ್‌ನಲ್ಲಿ ಮ್ಯಾಗ್ಸೆಸೆ ಪುರಸ್ಕೃತ ಡಾ. ಭರತ್ ವಾಟ್ವಾನಿ ಅವರ ಶ್ರದ್ಧಾ ಸಂಸ್ಥೆ ಬೀದಿಯ ಮನೋರೋಗಿಗಳಿಗೆ ಚಿಕಿತ್ಸೆ ಕೊಟ್ಟು ಊರಿಗೆ ಸೇರಿಸುತ್ತದೆ. ತುಳು ಮಾತ್ರ ಗೊಣಗುವವನ ಹೆಸರಿನ ಮುಂದೆ "ದಕ್ಷಿಣದವನು" ಎಂದಷ್ಟೇ ಬರೆದಿದ್ದರೆ ಯಾರಿಗೆ ಗೊತ್ತಾಗಬೇಕು? ವಿಚಾರಿಸುವಾಗ ಆಡುವ ಭಾಷೆ ಯಾವುದೆಂದು ತಪ್ಪದೆ ಹೇಳಿ.

ಘಾಟ್ಕೋಪರ್ ಶೆಟ್ರು

ಪ್ರಶ್ನೆ ಇಡಿಸಿದ್ದರ ಬಗ್ಗೆ: "ವಾಯವ್ಯದಲ್ಲಿ, ನೀರಿನ ಹತ್ತಿರ, ಜೀವಕ್ಕೆ ತೊಂದರೆಯಿಲ್ಲ" ಎಂದು ಬಂದಿರಬೇಕು. ಮುಂಬಯಿಯಲ್ಲಿ ನೀರಿನ ಹತ್ತಿರ ಇಲ್ಲದ ಜಾಗ ಯಾವುದು ಮಾರಾಯ್ರೆ? ಆದರೂ ನಮ್ಮವರು ಅದನ್ನು ನಂಬಲು ಕಾರಣ ಇದೆ. ಮನೆಯಲ್ಲಿ ಹೇಳದೆ ಬೊಂಬಾಯಿಗೆ ಓಡಿಬಂದು, ವರ್ಷಗಟ್ಟಲೆ ಕಾಗದ ಬರೆಯದೆ, ಕೊನೆಗೆ ಹೋಟೆಲ್ ಧಣಿಯಾಗಿ ಊರಿಗೆ ಇಳಿದವರ ಕಥೆ ಇಲ್ಲದ ಮನೆಯೇ ನಮ್ಮ ಕಡೆ ಕಡಿಮೆ. ಆ ಲೆಕ್ಕದಲ್ಲಿ ಸುದ್ದಿ ಇಲ್ಲದಿರುವುದೇ ಶುಭ. ಹದಿನಾರರ ಹುಡುಗನಿಗೆ ಹೊಂದುವ ಆ ಲೆಕ್ಕ, ಸಂಬಳ ಬ್ಯಾಂಕಿನಲ್ಲೇ ಬಿಟ್ಟುಹೋದ ಐವತ್ತರ ಗಂಡಸಿಗೆ ಹೊಂದುವುದು ಕಷ್ಟ. ಪಾಸ್‌ಬುಕ್ ನೋಡಿ. ಕಾಣೆಯಾಗುವ ಮುಂಚೆ ದೊಡ್ಡ ಮೊತ್ತ ತೆಗೆದಿದ್ದಾರೋ, ಆಮೇಲೆ ಒಂದು ರೂಪಾಯಿಯೂ ಕದಲಿಲ್ಲವೋ? ಪ್ರಶ್ನೆಗಿಂತ ಹೆಚ್ಚು ಅದೇ ಹೇಳುತ್ತದೆ.

ಹೆಂಡತಿಯ ಮೌನಕ್ಕೆ ಅರ್ಥ ಹುಡುಕುವುದನ್ನು ನಿಲ್ಲಿಸಿ ಎಂದು ಗುಂಪಿನಲ್ಲಿ ಹೇಳಿ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ ಇದನ್ನು ತೀರ್ಮಾನವಿಲ್ಲದ ನಷ್ಟ ಎಂದು ಗುರುತಿಸಿದರು: ಒಂದೇ ಮನೆಯಲ್ಲಿ ಒಬ್ಬರು ಬದುಕಿದ್ದಾರೆಂದೂ ಇನ್ನೊಬ್ಬರು ಸತ್ತಿದ್ದಾರೆಂದೂ ನಂಬಿ ಜಗಳವಾಗುವುದು ಅದರ ಸಹಜ ಲಕ್ಷಣ, ಯಾರದ್ದೂ ಕಪಟವಲ್ಲ. ತಾಳಿ ತೆಗೆದರೆ ಗಂಡನನ್ನು ಕೊಂದಂತೆ, ತೆಗೆಯದಿದ್ದರೆ ನಾಟಕ ಎನ್ನುವ ಊರಿನಲ್ಲಿ ಆಕೆ ಮಾತಾಡದಿರುವುದೇ ಜಾಣತನ.

ಬೊಜ್ಜ (ಉತ್ತರಕ್ರಿಯೆ) ಮಾಡುವುದೋ ಬೇಡವೋ ಎಂಬ ಚರ್ಚೆಯೂ ಬರುತ್ತದೆ. ಶಾಸ್ತ್ರದಲ್ಲಿ ಹನ್ನೆರಡು ವರ್ಷ ಕಾದು, ಮುತ್ತುಗದ ಎಲೆ, ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮ ಇದೆ. ಸತ್ತರೆಂದು ಊಹಿಸಲು ಕಾನೂನಿನ ಅವಧಿ ಏಳು ವರ್ಷ. ಒಂದಕ್ಕೊಂದು ಸಂಬಂಧವಿಲ್ಲ, ಒಂದು ಮಾಡಿದರೆ ಇನ್ನೊಂದು ಆದಂತಲ್ಲ.

ಡೊಂಬಿವಲಿ ಪೂರ್ವ

ಎಲ್ಲರಿಗೂ ಧನ್ಯವಾದ. ಆ ಏಳು ವರ್ಷದ ಲೆಕ್ಕ ಕಂಪ್ಲೇಂಟಿನ ದಿನದಿಂದಲೋ? ಅಲ್ಲಿಯವರೆಗೆ ಬ್ಯಾಂಕು, ಎಲ್‌ಐಸಿ ಏನು ಮಾಡುವುದು? "ನಿಮ್ಮವರು ಶಿರ್ಡಿಯಲ್ಲಿದ್ದಾರೆ, ದುಡ್ಡು ಹಾಕಿ" ಎಂಬ ಕರೆಗಳೂ ಬರುತ್ತಿವೆ.

ಕಲ್ಯಾಣ ಕೋರ್ಟ್

ಕೊನೆಯದಾಗಿ ಸುದ್ದಿ ತಿಳಿದ ದಿನದಿಂದ ಏಳು ವರ್ಷ, ಕಂಪ್ಲೇಂಟಿನ ದಿನದಿಂದ ಅಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 108, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ. ಅವಧಿ ಮುಗಿದ ಕೂಡಲೇ ಸತ್ತರೆಂದು ತಾನಾಗಿ ಆಗುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ ಹಾಕಬೇಕು, ಡಿಕ್ರಿ ತೋರಿಸಿ ಪಾಲಿಕೆಯಿಂದ ಮರಣ ಪ್ರಮಾಣಪತ್ರ ಪಡೆಯಬೇಕು. ಕೋರ್ಟು ನೋಡುವುದು ನೀವು ನಿಜಕ್ಕೂ ಹುಡುಕಿದಿರಾ ಎಂದು. ಮಿಸ್ಸಿಂಗ್ ನಕಲು, ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ, ಪತ್ರಿಕೆಯ ಜಾಹೀರಾತಿನ ಇಡೀ ಪುಟ (ಕತ್ತರಿಸಿದ ತುಂಡಲ್ಲ, ದಿನಾಂಕ ಕಾಣಬೇಕು), ಆಸ್ಪತ್ರೆಗಳಿಗೆ ಕೊಟ್ಟ ಪತ್ರಗಳು, ಎಲ್ಲವನ್ನೂ ಈಗಿನಿಂದ ಒಂದು ಫೈಲಿಗೆ ಸೇರಿಸಿ.

ಎಲ್‌ಐಸಿ ಪ್ರೀಮಿಯಂ ನಿಲ್ಲಿಸಬೇಡಿ. ಕಾನೂನು ಸಾವನ್ನು ಊಹಿಸುತ್ತದೆ, ಸಾವಿನ ದಿನಾಂಕವನ್ನು ಊಹಿಸುವುದಿಲ್ಲ ಎಂದು 2004ರ ಅನುರಾಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಣೆಯಾದ ದಿನವೇ ಸತ್ತರು ಎಂದುಕೊಂಡು ಕಂತು ಬಿಟ್ಟರೆ ಪಾಲಿಸಿ ಸತ್ತಿರುತ್ತದೆ. ಬ್ಯಾಂಕಿನಲ್ಲಿ ಸಣ್ಣ ಮೊತ್ತವಾದರೆ ಏಳು ವರ್ಷದ ನಂತರ ಎಫ್‌ಐಆರ್, ಪತ್ತೆಯಾಗಿಲ್ಲ ಎಂಬ ವರದಿ ಮತ್ತು ಇಂಡೆಮ್ನಿಟಿ ಪತ್ರದ (ಮುಂದೆ ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆ) ಮೇಲೆ, ಕೋರ್ಟ್ ಆದೇಶ ಇಲ್ಲದೆಯೇ ಕೊಡಲು ರಿಸರ್ವ್ ಬ್ಯಾಂಕ್ 2008ರಲ್ಲೇ ದಾರಿ ಮಾಡಿಕೊಟ್ಟಿದೆ. ಮಿತಿ ಎಷ್ಟೆಂದು ಶಾಖೆಯಲ್ಲಿ ಕೇಳಿ, ಬರಿಯ ಮಿಸ್ಸಿಂಗ್ ನಂಬರ್ ಸಾಕೇ ಎಂದೂ ಕೇಳಿ. ಹೆಂಡತಿಗೆ ಬೇಕಾದರೆ ಹಿಂದೂ ವಿವಾಹ ಕಾಯ್ದೆಯ 13ರಲ್ಲಿ ಏಳು ವರ್ಷ ಸುದ್ದಿ ಇಲ್ಲದಿರುವುದು ವಿಚ್ಛೇದನಕ್ಕೆ ಪ್ರತ್ಯೇಕ ಕಾರಣ. ಬೇಕೋ ಬೇಡವೋ ಅವರೊಬ್ಬರೇ ತೀರ್ಮಾನಿಸಲಿ, ಸಂಘ ಅಲ್ಲ.

ಶಿರ್ಡಿ ಕರೆಗೆ: ಪೋಸ್ಟರಿನಲ್ಲಿ ಹಾಕದ ಒಂದು ಗುರುತನ್ನು ಮನೆಯವರು ಗುಟ್ಟಾಗಿ ಇಟ್ಟುಕೊಳ್ಳಲಿ, ಬೆರಳಿನ ಗಾಯವೋ, ಚಿಕ್ಕಂದಿನ ಕರೆಯುವ ಹೆಸರೋ. ಅದನ್ನು ಕೇಳಿ. ವಿಡಿಯೊ ಕರೆಯಲ್ಲಿ ತುಳುವಿನಲ್ಲಿ ಮಾತಾಡಿಸಿ. ಆಂಬ್ಯುಲೆನ್ಸಿಗೆ, ಊಟಕ್ಕೆ ಎಂದು ಮೊದಲೇ ಹಣ ಕೇಳಿದವರಿಗೆ "ಹತ್ತಿರದ ಠಾಣೆಗೆ ಕರೆದುಕೊಂಡು ಹೋಗಿ, ನಾವು ಅಲ್ಲಿಗೇ ಬರುತ್ತೇವೆ" ಎನ್ನಿ. ನಿಜದವರು ಹೋಗುತ್ತಾರೆ. ಸುಳ್ಳು ಕರೆ ಬಂದ ನಂಬರ್, ಸಮಯ ಬರೆದಿಟ್ಟು ಐಒಗೆ ಕೊಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ.